ರಜೆಯ ದಿನ ಬರೆದ ಎಚ್ಚರಿಕೆ ಪತ್ರ

೨೦೧೯ನೆಯ ಇಸವಿ ಫೆಬ್ರವರಿ ಹನ್ನೆರಡು, ಮಂಗಳವಾರ. ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಜಾವ ಬಿದ್ದ ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ, ಓಕ್ ಮರಗಳ ಕೊಂಬೆಗಳಿಗೆಲ್ಲ ಗಾಜಿನ ಹೊದಿಕೆ ಹಾಕಿದಂತಾಗಿತ್ತು. ಈ ಘಟನೆ ಸೋಮವಾರ ನಡೆಯಿತೆಂದು ಹೇಳುವವರಿದ್ದಾರೆ. ಅದು ತಪ್ಪು, ಸೋಮವಾರ ನಮ್ಮ ಕಡೆ ಬಿಸಿಲಿತ್ತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನೆಲ್ಡಾ ಹಕಬಿ ಟರ್ಕಿಪೆನ್ ಕಣಿವೆಯ ಕೊನೆಯ ಮನೆಯೊಳಗೆ ಕಾಲಿಟ್ಟಳು. ಹನ್ನೊಂದೂ ಕಾಲಿನವರೆಗೆ ಅವಳಿಗೆ ಹೊರಬರಲಾಗಲಿಲ್ಲ.

ನೆಲ್ಡಾ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು. ಮಿಸೌರಿಯ ದಕ್ಷಿಣದ ಈ ಗುಡ್ಡಗಾಡಿನಲ್ಲಿ ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ. ಹಾಸಿಗೆ ಹಿಡಿದವರಿಗೆ ಅವಳಂಥವರೇ ಗತಿ. ನಾನು ಅವಳಿಗೆ ಶಾಲೆಯಲ್ಲಿ ರೇಖಾಗಣಿತ ಕಲಿಸಿದವನು. ೧೯೮೩ರ ಮೇ ಇಪ್ಪತ್ತೇಳರಂದು ಶಾಲೆ ಮುಗಿಸಿ ಹೊರಟ ತಂಡದಲ್ಲಿ ಅವಳು ಮೊದಲನೆಯವಳೇನೂ ಆಗಿರಲಿಲ್ಲ, ಆದರೆ ಒಂದು ಪ್ರಮೇಯದ ಸಾಧನೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಅದೇ ಬೆಂಚಿನಲ್ಲಿ ಅವಳ ಪಕ್ಕಕ್ಕೆ ಕೂರುತ್ತಿದ್ದವಳು ಕೋರಿನ್ ಬ್ಲೆಡ್ಸೋ. ಕೋರಿನ್‌ಳ ಉತ್ತರ ಯಾವಾಗಲೂ ಸರಿಯಿರುತ್ತಿತ್ತು. ಉತ್ತರಕ್ಕೆ ಹೋದ ದಾರಿ ಮಾತ್ರ ಹಾಳೆಯ ಮೇಲೆ ಇರುತ್ತಿರಲಿಲ್ಲ. ಇಬ್ಬರೂ ಕೂಡಿಯೇ ನರ್ಸಿಂಗ್ ಓದಿದರು. ಇಬ್ಬರೂ ೧೯೯೬ರ ಆಗಸ್ಟಿನಲ್ಲಿ ಒಂದೇ ಸಂಸ್ಥೆಗೆ ಸೇರಿದರು. ನಾನು ಶಾಲೆಯಿಂದ ನಿವೃತ್ತನಾದ ಮರುವರ್ಷ, ೨೦೦೧ರಲ್ಲಿ, ಆ ಸಂಸ್ಥೆಯ ನಮ್ಮೂರ ಶಾಖೆಗೆ ದಾಖಲೆ ಗುಮಾಸ್ತನಾಗಿ ಹೋದೆ. ಯಾರು ಯಾವ ದಿನ ಯಾವ ಮನೆಗೆ ಹೋಗಬೇಕೆಂಬ ಪಟ್ಟಿ, ಬಂದ ಕಾಗದ, ಹೋದ ಕಾಗದ, ಸಭೆಯ ನಡಾವಳಿ, ಇವು ನನ್ನ ಪಾಲಿನವು. ೨೦೧೪ರಿಂದ ಶಾಖೆಯ ಮುಖ್ಯಸ್ಥೆ ಕೋರಿನ್. ನೆಲ್ಡಾಳಿಗೆ ಮೇಲೇರುವ ಆಸೆ ಇರಲಿಲ್ಲ. ಗಂಡ ರಾಯ್ಸ್ ೨೦೧೧ರಲ್ಲಿ ತೀರಿಕೊಂಡ ಮೇಲೆ, ವಾರಕ್ಕೆ ಇಪ್ಪತ್ತೆರಡು ಮನೆಗಳ ಬಾಗಿಲು ತಟ್ಟುವುದೇ ಅವಳ ಬದುಕಾಗಿತ್ತು.

ಆ ಮಂಗಳವಾರದ ಮನೆಯಲ್ಲಿ ಕ್ಯಾನ್ಸರಿನ ಮುದುಕಿಯೊಬ್ಬಳಿದ್ದಳು. ಅವಳ ತಂಗಿಯ ಮಗ, ನಲವತ್ತರ ಗಂಡಸು, ನೋವಿನ ಔಷಧಿ ನರ್ಸಿನ ಚೀಲದಲ್ಲಿ ಇದ್ದೇ ಇರುತ್ತದೆಂದು ನಂಬಿದ್ದ. ನಮ್ಮವರು ಅಂಥದನ್ನು ಹೊತ್ತು ತಿರುಗುವುದಿಲ್ಲ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಂದು ಕೈಯಲ್ಲಿ ನೆಲ್ಡಾಳ ಕಾರಿನ ಕೀಲಿ, ಇನ್ನೊಂದರಲ್ಲಿ ಟೈರು ಬಿಚ್ಚುವ ಕಬ್ಬಿಣ. ನರ್ಸಿನ ಚೀಲವನ್ನು ನೆಲದ ಮೇಲೆ ಇಡಬಾರದು, ಕೈ ತೊಳೆಯದೆ ಒಳಗೆ ಕೈ ಹಾಕಬಾರದು ಎಂಬುದು ಈ ಕೆಲಸದ ಮೊದಲ ಪಾಠ. ನೆಲ್ಡಾ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕೈ ತೊಳೆಯಲು ಅವನ ಅಪ್ಪಣೆ ಕೇಳಿ, ತೊಳೆದು, ಚೀಲದಲ್ಲಿದ್ದ ಒಂದೊಂದನ್ನೂ ಹೊರಗೆ ತೆಗೆದು ತೋರಿಸಿದಳು. ಐವತ್ತೈದು ನಿಮಿಷ ಹೀಗೇ ಕಳೆಯಿತು. ಕೊನೆಗೆ ಅವನು ಕೀಲಿಯನ್ನು ಅಂಗಳದ ಮಂಜುಗಡ್ಡೆಯ ಮೇಲೆ ಎಸೆದು ಎಲ್ಲಿಗೋ ಹೊರಟುಹೋದ. ನೆಲ್ಡಾ ಓಡಲಿಲ್ಲ. ಮುದುಕಿಯ ಗಾಯದ ಪಟ್ಟಿ ಬದಲಿಸಿ, ಆಮೇಲೆ ಕೀಲಿ ಹುಡುಕಿಕೊಂಡು ಹೊರಟಳು. ಕಣಿವೆಯಲ್ಲಿ ಫೋನು ಹಿಡಿಯುವುದಿಲ್ಲ. ಗುಡ್ಡದ ನೆತ್ತಿಗೆ ಬಂದು ಕರೆ ಮಾಡಿದ ಐವತ್ತು ನಿಮಿಷದ ನಂತರ ಪೊಲೀಸಿನವನು ಬಂದ.

ಮರುದಿನ ನಗರದ ಮುಖ್ಯ ಕಚೇರಿಯ ಆದೇಶದಂತೆ ಅವಳಿಗೆ ಎರಡು ವಸ್ತುಗಳನ್ನು ಕೊಟ್ಟು ಸಹಿ ಹಾಕಿಸಿಕೊಂಡವನು ನಾನೇ: ಒಂದು ಸೀಟಿ, ಮತ್ತು ಎಂಟು ಪುಟದ ಸುರಕ್ಷತಾ ಕೈಪಿಡಿ. ಅವಳು ಸೀಟಿಯನ್ನು ತಿರುಗಿಸಿ ನೋಡಿ, ಇದನ್ನು ಊದಿದರೆ ಯಾರು ಬರುತ್ತಾರೆ ಮೇಷ್ಟ್ರೇ ಎಂದು ಕೇಳಿದಳು. ನಾನು ಸಹಿ ಹಾಕುವ ಗೆರೆಯನ್ನು ತೋರಿಸಿದೆ.

ಅಂದು ಬುಧವಾರ, ಫೆಬ್ರವರಿ ಹದಿಮೂರು. ಸಂಜೆ ನಾಲ್ಕೂ ನಲವತ್ತಕ್ಕೆ ನಾನು ಕಚೇರಿಯ ಮೆಟ್ಟಿಲಿನ ಮೇಲೆ ಮಂಜು ಕರಗಿಸುವ ಉಪ್ಪನ್ನು ಚೆಲ್ಲುತ್ತಿದ್ದೆ. ಆರು ಹೆಜ್ಜೆ ಆಚೆಗೆ ಕಾರುಗಳ ನಡುವೆ ಅವರಿಬ್ಬರೂ ನಿಂತಿದ್ದರು. ಮಾತು ಹೀಗೆ ನಡೆಯಿತು. ಒಂದು ಪದವನ್ನೂ ನಾನು ಸೇರಿಸಿಲ್ಲ.

"ನಾನು ಬರೆದು ಕೊಡೋಕಾಗಲ್ಲ ಕಣೇ," ಎಂದಳು ಕೋರಿನ್. "ಆದ್ರೆ ಆ ಕಣಿವೆಗೆ ಇನ್ಮೇಲೆ ಬರಿಗೈಲಿ ಹೋಗ್ಬೇಡ. ನನ್ನ ಹತ್ರಾನೂ ಒಂದಿದೆ, ನಾಲ್ಕು ವರ್ಷದಿಂದ. ಯಾರಿಗಾದ್ರೂ ಗೊತ್ತಾಯ್ತಾ?"

"ಸಿಕ್ಕಿಬಿದ್ರೆ?"

"ನಾನಿಲ್ವಾ? ಈ ಕುರ್ಚೀಲಿ ನಾನಿರೋವರೆಗೂ ನಿನ್ನ ಕೂದಲು ಕೊಂಕೋಕೆ ಬಿಡಲ್ಲ." ಅಷ್ಟರಲ್ಲಿ ನನ್ನನ್ನು ಕಂಡಳು. "ಮೇಷ್ಟ್ರೇ, ನೀವು ಕಿವಿ ಮುಚ್ಕೊಂಡು ಉಪ್ಪು ಚೆಲ್ಲಿ."

ಉಪ್ಪು ಚೆಲ್ಲಲು ಕೈ ಬೇಕಮ್ಮಾ ಎಂದೆ. ಇಬ್ಬರೂ ನಕ್ಕರು. ಹಿಂದಿನ ದಿನದ ನಂತರ ನೆಲ್ಡಾ ನಕ್ಕದ್ದು ಅದೇ ಮೊದಲು.

ಮಾರ್ಚ್ ಎರಡು, ಶನಿವಾರ, ಇಬ್ಬರೂ ಜೊತೆಯಾಗಿ ಹೋಗಿ ಅಂಗೈಯಗಲದ ಒಂದು ಪಿಸ್ತೂಲು ಕೊಂಡು ತಂದರು. ನೆಲ್ಡಾ ಎಂಟು ಗಂಟೆಯ ತರಬೇತಿಗೂ ಹೋದಳು. ಸಂಸ್ಥೆಯ ನಿಯಮ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ಕೆಲಸದ ಹೊತ್ತಿನಲ್ಲಿ ಆಯುಧ ನಿಷಿದ್ಧವೆಂದು ಸ್ಪಷ್ಟವಾಗಿ ಬರೆದಿದೆ. ಅವಳು ನಿಯಮ ಮುರಿದಳು. ಅದನ್ನು ನಾನು ಮರೆಮಾಚುವುದಿಲ್ಲ.

ಆಯುಧವನ್ನು ಚೀಲದಲ್ಲಿಡಲು ಅವಳಿಗೆ ಮನಸ್ಸು ಬರಲಿಲ್ಲ. ಚೀಲವೆಂದರೆ ಶುಚಿಯಾದ ಜಾಗ. ಆದ್ದರಿಂದ ಚರ್ಮದ ಒರೆಯಲ್ಲಿ ಹಾಕಿ, ಸಡಿಲವಾದ ನೀಲಿ ಅಂಗಿಯ ಕೆಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಲ್ಲಿ ಒಂದು ತೊಡಕಿತ್ತು. ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಎಬ್ಬಿಸುವಾಗ ನರ್ಸು ಎದುರಿಗೆ ನಿಂತು ರೋಗಿಯ ನಡುಪಟ್ಟಿ ಹಿಡಿಯುತ್ತಾಳೆ. ರೋಗಿ ಅವಳ ಕೊರಳಿಗೆ ಜೋತುಬೀಳಬಾರದು, ಸೊಂಟ ಹಿಡಿಯಬೇಕು. ಪಾರ್ಶ್ವವಾಯು ಬಡಿದವರಿಗೆ ಒಂದು ಕೈ ಮಾತ್ರ ಹಿಡಿಯುತ್ತದೆ. ರೋಗಿಯ ಎಡಗೈ ಬಿದ್ದುಹೋಗಿದ್ದರೆ ನರ್ಸಿನ ಬಲಸೊಂಟಕ್ಕೆ ಯಾವ ಕೈಯೂ ಬರುವುದಿಲ್ಲ. ಬಲಗೈ ಬಿದ್ದುಹೋಗಿದ್ದರೆ ಎಡಸೊಂಟಕ್ಕೆ. ನೆಲ್ಡಾ ಯಾವ ಮನೆಗೆ ಹೋಗುತ್ತಾಳೋ ಆ ರೋಗಿಯ ಬಿದ್ದ ಕೈ ಯಾವುದೆಂದು ನೋಡಿ ಒರೆಯನ್ನು ಬಲಕ್ಕೋ ಎಡಕ್ಕೋ ಬದಲಿಸುತ್ತಿದ್ದಳು. ಎರಡು ಕೈಯೂ ನೆಟ್ಟಗಿದ್ದವರ ಮನೆಯಲ್ಲಿ ಅದು ಕಾರಿನ ಬೀಗದ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಈ ಲೆಕ್ಕಾಚಾರ ಕೇಳಿ ನನಗೆ ಹೆಮ್ಮೆಯಾಗಿತ್ತೆಂದು ಒಪ್ಪಿಕೊಳ್ಳಬೇಕು; ಅದರಲ್ಲಿ ರೇಖಾಗಣಿತವಿತ್ತು.

ನಮ್ಮ ಏಳು ನರ್ಸುಗಳಲ್ಲಿ ನಾಲ್ವರು ಹೀಗೆ ಇಟ್ಟುಕೊಂಡಿದ್ದರು. ಬುಧವಾರದ ಸಭೆಗೆ ಕಚೇರಿಯೊಳಗೆ ಬರುವ ಮುನ್ನ ಅದನ್ನು ಕಾರಿನಲ್ಲಿ ಬಿಟ್ಟುಬರುವುದು ರೂಢಿ. ಅದಕ್ಕೆ ಅವರು ಊಟದ ಡಬ್ಬಿ ಎನ್ನುತ್ತಿದ್ದರು. ಡಬ್ಬಿ ಬಿಟ್ಟು ಬಂದ್ಯಾ ಎಂದು ಒಬ್ಬಳು ಕೇಳಿದರೆ, ಇವತ್ತು ಉಪವಾಸ ಎಂದು ಇನ್ನೊಬ್ಬಳು ಹೇಳುತ್ತಿದ್ದಳು. ಕೋರಿನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಮೂರು ವರ್ಷ ಏಳು ತಿಂಗಳು ಹೀಗೇ ಸಾಗಿತು. ನೆಲ್ಡಾ ಆ ಪಿಸ್ತೂಲನ್ನು ಯಾವ ಮನೆಯಲ್ಲೂ ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಆದರೆ ಕಣಿವೆಯ ಮನೆಗಳನ್ನು ಬೇರೆಯವರಿಗೆ ಕೊಡಿ ಎಂದೂ ಕೇಳಲಿಲ್ಲ.

೨೦೨೨ನೆಯ ಇಸವಿ ಅಕ್ಟೋಬರ್ ಇಪ್ಪತ್ತು, ಗುರುವಾರ. ಗುರುವಾರಗಳಂದು ಅವಳ ಮೊದಲ ಮನೆ ಯೂನಿಸ್ ಪೋಗ್ ಎಂಬಾಕೆಯದು. ಆಕೆಯ ಎಡಗೈ ಬಿದ್ದಿತ್ತು. ಎರಡನೆಯದು ಹಾರ್ಲನ್ ಟ್ಯಾಕೆಟ್‌ನದು. ಮರ ಕೊಯ್ಯುವ ಗಿರಣಿಯಲ್ಲಿ ದುಡಿದು ದಣಿದ ಎಂಬತ್ತೊಂದರ ಮುದುಕ; ಬಲಗೈ, ಬಲಗಾಲು ಬಿದ್ದಿದ್ದವು, ನಾಲಿಗೆ ಮಾತ್ರ ಚುರುಕಾಗಿತ್ತು. ಎರಡು ಮನೆಗಳ ನಡುವೆ ಸೇತುವೆಯ ಪಕ್ಕದಲ್ಲಿ ಬ್ಯಾಪ್ಟಿಸ್ಟ್ ಚರ್ಚು. ಅದರ ಬಯಲಿನಲ್ಲಿ ಕಾರು ನಿಲ್ಲಿಸಿ ನೆಲ್ಡಾ ಒರೆಯನ್ನು ಬಲದಿಂದ ಎಡಕ್ಕೆ ಬದಲಿಸುತ್ತಿದ್ದಳು. ಆ ವಾರ ಸೇತುವೆಯ ದುರಸ್ತಿ ನಡೆದಿತ್ತು. ಗುಡ್ಡದ ಮೇಲಿನ ದಾರಿಯಲ್ಲಿ ಹೋಗೆಂದು ಬೆಳಿಗ್ಗೆ ಏಳೂವರೆಗೆ ಫೋನು ಮಾಡಿ ತಿಳಿಸಿದವನು ನಾನು. ಆ ದಾರಿಯಲ್ಲಿ ಚರ್ಚು ಸಿಗುವುದಿಲ್ಲ. ಚರ್ಚು ಸಿಗದ್ದರಿಂದ ಅವಳಿಗೆ ನೆನಪೂ ಆಗಲಿಲ್ಲ.

ಹಾರ್ಲನ್ ಎದ್ದು ನಿಲ್ಲುವಾಗ ಅವನ ಎಡಗೈ ಅವಳ ಬಲಸೊಂಟವನ್ನು ಹಿಡಿಯಿತು. ಗಿರಣಿಯ ಕೈ, ಹಿಡಿದರೆ ಬಿಡುವಂಥದ್ದಲ್ಲ. ಅವನು ಕುರ್ಚಿಗೆ ಕುಸಿಯುವಾಗ ಒರೆಯ ಕೊಕ್ಕೆ ಕಳಚಿ, ಒರೆಯ ಸಮೇತ ಪಿಸ್ತೂಲು ಹಾಸಿಗೆಯ ಮೇಲೆ ಬಿತ್ತು.

"ಏನ್ ಮಗಳೇ ಇದು," ಎಂದ ಹಾರ್ಲನ್. "ಬೇಗ ನಡೀಲಿಲ್ಲ ಅಂದ್ರೆ ಗುಂಡು ಹಾಕು ಅಂತ ಡಾಕ್ಟ್ರು ಬರೆದು ಕೊಟ್ರಾ?"

"ನಿಮಗಲ್ಲ ತಾತ. ನಿಮ್ಮ ನಾಲಿಗೆಗೆ."

ಅವರಿಬ್ಬರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಹಾರ್ಲನ್‌ನ ಮಗಳು ಜೊಲೀನ್ ನಗಲಿಲ್ಲ. ಅವಳು ಕಾನ್ಸಾಸ್ ಸಿಟಿಯಿಂದ ತಂದೆಯನ್ನು ನೋಡಲು ಬಂದಿದ್ದಳು. ತಂದೆಯ ಹಾಸಿಗೆಯ ಮೇಲೆ ಗುಂಡು ತುಂಬಿದ ಪಿಸ್ತೂಲು ಬಿದ್ದಿತೆಂದು ಮುಖ್ಯ ಕಚೇರಿಗೆ ಬರೆದಳು. ಅವಳು ಬರೆದದ್ದು ಸುಳ್ಳಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಬರೆಯುತ್ತಿದ್ದೆ.

ಆದರೆ ಆ ಕಾಗದ ಹೊರಡುವ ಮೊದಲೇ ನೆಲ್ಡಾ ಗುಡ್ಡದ ನೆತ್ತಿಯಿಂದ ಕೋರಿನ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದಳು. ಕೋರಿನ್ ಗಾಬರಿಯಾಗಬೇಡವೆಂದಳು. ತಪ್ಪು ಒಪ್ಪಿಕೊಂಡು ನಾಲ್ಕು ಸಾಲು ಬರೆದು ಕೊಡಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ನಿರ್ಧರಿಸಿದ್ದು ಎಂದು ಬರೆಯಬೇಕು. ತನ್ನ ಹೆಸರು ಬಂದರೆ ಮೇಜಿನ ಆಚೆ ಕೂತು ಸಹಾಯ ಮಾಡಲು ತನಗಾಗುವುದಿಲ್ಲ. ಕೆಲವು ದಿನದ ಅಮಾನತು, ಮತ್ತೆ ಕೆಲಸ, ಅಷ್ಟೇ ಎಂದಳು. ನೆಲ್ಡಾ ಅದೇ ದಿನ ಮಧ್ಯಾಹ್ನ ನನ್ನ ಮೇಜಿನ ಬಳಿ ಕೂತು ಆ ನಾಲ್ಕು ಸಾಲು ಬರೆದಳು. ಮೂರನೆಯ ಸಾಲು ನಿಜವಲ್ಲವಲ್ಲಮ್ಮಾ ಎಂದೆ.

"ಕೋರಿ ನೋಡ್ಕೋತಾಳೆ ಮೇಷ್ಟ್ರೇ," ಎಂದಳು. "ನನ್ನ ಜೊತೆ ಅವಳೂ ಮುಳುಗಿ ಏನು ಪ್ರಯೋಜನ?"

ನಾನು ಕಾಗದದ ಮೇಲೆ ತಾರೀಖಿನ ಮುದ್ರೆ ಒತ್ತಿದೆ.

ಮುಂದಿನ ವಾರ ಮುಖ್ಯ ಕಚೇರಿ ಎಲ್ಲ ನರ್ಸುಗಳಿಂದಲೂ ಹೇಳಿಕೆ ಪಡೆಯಿತು. ತಮ್ಮ ಬಳಿ ಆಯುಧವಿಲ್ಲ, ಇನ್ನೊಬ್ಬರ ಬಳಿ ಇದ್ದದ್ದೂ ತಿಳಿಯದು ಎಂದು ಉಳಿದ ಆರು ಮಂದಿಯೂ ಸಹಿ ಹಾಕಿದರು. ಅವರಲ್ಲಿ ಮೂವರ ಸಹಿ ಸುಳ್ಳು. ಲಾವೋನ್ ಎಂಬ ನರ್ಸು ಹನ್ನೊಂದು ವರ್ಷದಿಂದ ನೆಲ್ಡಾಳ ಕಾರಿನ ಪಕ್ಕದಲ್ಲೇ ತನ್ನ ಕಾರು ನಿಲ್ಲಿಸುತ್ತಿದ್ದವಳು. ನವೆಂಬರ್ ಎರಡರ ಬುಧವಾರದಿಂದ ಅವಳು ಕಚೇರಿಯೆದುರಿನ ಬಯಲಿನ ಇನ್ನೊಂದು ತುದಿಯಲ್ಲಿ ನಿಲ್ಲಿಸತೊಡಗಿದಳು. ಡಬ್ಬಿಯ ತಮಾಷೆ ಮತ್ತೆ ಕೇಳಿಸಲಿಲ್ಲ. ನೆಲ್ಡಾ ಅದನ್ನು ಗಮನಿಸಿದಳು. ಅವಳು ಕೋರಿನ್‌ಳನ್ನು ನಂಬಿ ಕಾಯುತ್ತಿದ್ದಳು.

ವಿಚಾರಣೆ ನವೆಂಬರ್ ಹತ್ತು, ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ. ಮುಖ್ಯ ಕಚೇರಿಯಿಂದ ಗ್ರಾಂಟ್ ಲಿಡೆಲ್ ಎಂಬ ಅಧಿಕಾರಿ ಬಂದಿದ್ದ. ಶುಭ್ರವಾದ ಬೂಟು, ಮೃದುವಾದ ಮಾತು. ಅವನ ಬಲಕ್ಕೆ ಕೋರಿನ್, ಎದುರಿಗೆ ನೆಲ್ಡಾ, ಮೂಲೆಯಲ್ಲಿ ನಡಾವಳಿ ಬರೆಯಲು ನಾನು. ಅವನು ನೆಲ್ಡಾಳ ನಾಲ್ಕು ಸಾಲನ್ನು ಓದಿದ. ಆಮೇಲೆ ಕೋರಿನ್‌ಳ ಕಡೆಗೆ ತಿರುಗಿ, ಇದರ ಸುಳಿವು ನಿಮಗೆ ಇತ್ತೇ ಎಂದು ಕೇಳಿದ.

ಸುಳಿವಿರಲಿಲ್ಲ ಎಂದಳು ಕೋರಿನ್. ಇಷ್ಟನ್ನು ನೆಲ್ಡಾ ಎದುರುನೋಡಿದ್ದಳೆಂದು ಕಾಣುತ್ತದೆ, ಮುಖ ಕದಲಲಿಲ್ಲ. ಆದರೆ ಕೋರಿನ್ ಅಲ್ಲಿಗೆ ನಿಲ್ಲಿಸಲಿಲ್ಲ. ಟರ್ಕಿಪೆನ್ ಘಟನೆಯ ನಂತರ ನೆಲ್ಡಾಳಿಗೆ ಅಂಥ ಯೋಚನೆ ಬಂದೀತೆಂದು ತನಗೆ ಅನುಮಾನವಿತ್ತು. ಆಯುಧ ಇಟ್ಟುಕೊಂಡರೆ ಕೆಲಸದಿಂದ ತೆಗೆಯಲಾಗುವುದೆಂದು ಆಗಲೇ ಲಿಖಿತ ಎಚ್ಚರಿಕೆ ಕೊಟ್ಟಿದ್ದೆ ಎಂದು ಹೇಳಿ, ಒಂದು ಪತ್ರವನ್ನು ಮೇಜಿನ ಮೇಲೆ ಸರಿಸಿದಳು. ತಾರೀಖು ೨೦೧೯ ಫೆಬ್ರವರಿ ಹದಿನೆಂಟು. ಕೆಳಗೆ ಕೋರಿನ್‌ಳ ಸಹಿ.

ನೆಲ್ಡಾ ಆ ಪತ್ರವನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿದ್ದದ್ದು ಆರೇ ಸಾಲು.

"ಇದು ನನಗೆ ಬಂದೇ ಇಲ್ಲ," ಎಂದಳು.

"ಹಾಗಾದ್ರೆ ಶಾಖೆಯ ಮುಖ್ಯಸ್ಥರು ನಿಮಗೆ ಬೇರೆ ಏನಾದ್ರೂ ಹೇಳಿದ್ರಾ?" ಎಂದು ಲಿಡೆಲ್ ಕೇಳಿದ.

ನೆಲ್ಡಾ ಕೋರಿನ್‌ಳ ಮುಖ ನೋಡಿದಳು. ಕೋರಿನ್ ತನ್ನ ಪೆನ್ನಿನ ಮುಚ್ಚಳ ನೋಡುತ್ತಿದ್ದಳು.

"ಹೇಳಿದ್ಳು. ಇಟ್ಕೋ ಅಂದ್ಳು. ಹೊರಗಡೆ, ಕಾರಿನ ಹತ್ರ."

"ಯಾರೂ ಹೇಳಿಕೊಟ್ಟಿಲ್ಲ ಅಂತ ನೀವೇ ಬರೆದು ಸಹಿ ಮಾಡಿದೀರಲ್ಲ, ನೆಲ್ಡಾ ಅವರೇ."

ಆಗ ನಾನು ಎದ್ದು ನಿಂತೆ. ನಡಾವಳಿ ಬರೆಯುವವನು ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲವೆಂದು ನನಗೆ ಗೊತ್ತಿದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಅದನ್ನೇ ಹೇಳಿದ್ದೇನೆ. ಆದರೂ ಮೂರು ಸಂಗತಿಗಳನ್ನು ಹೇಳಿದೆ. ಫೆಬ್ರವರಿ ಹದಿಮೂರರ ಸಂಜೆಯ ಮಾತನ್ನು ನಾನೇ ಕೇಳಿದ್ದೇನೆ. ಈ ಕಚೇರಿಯಿಂದ ಹೋಗುವ ಪ್ರತಿ ಕಾಗದಕ್ಕೂ ನಾನು ಕ್ರಮಸಂಖ್ಯೆ ಹಾಕುತ್ತೇನೆ. ಈ ಪತ್ರಕ್ಕೆ ಸಂಖ್ಯೆಯಿಲ್ಲ. ಇನ್ನು, ೨೦೧೯ರ ಫೆಬ್ರವರಿ ಹದಿನೆಂಟು ಆ ತಿಂಗಳ ಮೂರನೆಯ ಸೋಮವಾರ, ರಾಷ್ಟ್ರೀಯ ರಜೆ. ಅಂದು ಈ ಕಚೇರಿಯ ಬಾಗಿಲು ತೆರೆದಿರಲಿಲ್ಲ.

ಲಿಡೆಲ್ ಸಾವಧಾನವಾಗಿ ಕೇಳಿದ. ಆಮೇಲೆ ಕೋರಿನ್‌ಳತ್ತ ನೋಡಿದ. ರಜೆಯ ದಿನವೂ ಬಂದು ಕೆಲಸ ಮಾಡುವುದು ತನಗೆ ರೂಢಿ ಎಂದಳು ಅವಳು. ಸಂಖ್ಯೆ ಹಾಕುವ ಗುಮಾಸ್ತರು ಅಂದು ಇರಲಿಲ್ಲ, ಆದ್ದರಿಂದ ಸಂಖ್ಯೆಯಿಲ್ಲ. ನನ್ನ ಎರಡು ಆಕ್ಷೇಪಗಳು ಒಂದಕ್ಕೊಂದು ಉತ್ತರವಾಗಿ ಕೂತವು. ಅವಳ ಉತ್ತರ ಈ ಸಲವೂ ಚೊಕ್ಕವಾಗಿತ್ತು.

"ರಜೆಯ ದಿನಾನೂ ಸಿಬ್ಬಂದಿಯ ಬಗ್ಗೆ ಯೋಚನೆ ಮಾಡೋರು ಈಗ ಕಡಿಮೆ," ಎಂದ ಲಿಡೆಲ್. ನನ್ನ ವಯಸ್ಸು ಎಷ್ಟೆಂದು ಕೇಳಿದ. ಎಪ್ಪತ್ತಾರು ಎಂದೆ. ತಲೆಯಾಡಿಸಿ ಬರೆದುಕೊಂಡ.

ಎರಡೂ ಐವತ್ತಕ್ಕೆ ವಿಚಾರಣೆ ಮುಗಿಯಿತು. ಲಿಡೆಲ್ ಕಾಫಿ ತರಲು ಹೋದ. ತೀರ್ಮಾನ ಬರುವವರೆಗೆ ನೆಲ್ಡಾ ತನ್ನ ನರ್ಸಿನ ಚೀಲವನ್ನು ಒಪ್ಪಿಸಬೇಕಿತ್ತು. ನನ್ನ ಮೇಜಿನ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಚೀಲವಿಟ್ಟು, ಒಳಗಿದ್ದ ವಸ್ತುಗಳನ್ನು ಪಟ್ಟಿಯ ಪ್ರಕಾರ ಹೇಳುತ್ತ ಹೋದಳು. ನಾನು ಗುರುತು ಹಾಕಿಕೊಂಡೆ. ಕೋರಿನ್ ಕಾಗದಗಳನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲಿ ಹಾದು ಹೋಗುವವಳಿದ್ದಳು. ನೆಲ್ಡಾ ದನಿಯೇರಿಸದೆ ಕೇಳಿದಳು.

"ನಿನ್ನ ಹೆಸರು ಬೇಡ ಅಂದೆ, ನಾನು ಬಿಟ್ಟೆ. ಅಷ್ಟು ಸಾಕಿತ್ತಲ್ವಾ ಕೋರಿ? ಪತ್ರ ಯಾಕೆ ಬೇಕಾಯ್ತು?"

ಕೋರಿನ್ ನಿಂತಳು. ಗಂಡನ ಮಾತೆತ್ತಿದಳು. "ಡೇಲ್‌ಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಕಣೇ. ಇನ್ಶೂರೆನ್ಸು ನನ್ನ ಕೆಲಸದ್ದು. ನಿನಗೆ ಗೊತ್ತಿರೋದೇ."

"ಗೊತ್ತು. ಅದಕ್ಕೇ ಬಿಟ್ಟಿದ್ದು. ಪತ್ರ ಯಾಕೆ ಅಂತ ಕೇಳಿದೆ."

"ನೀನು ಆಮೇಲೆ ಬಾಯಿ ಬಿಟ್ರೆ ಅಂತ."

"ನಾನು?" ಎಂದಳು ನೆಲ್ಡಾ. "ಇವತ್ತು ಎರಡು ಗಂಟೆವರೆಗೂ ಬಿಟ್ಟಿರಲಿಲ್ಲ ಕಣೇ."

ಕೋರಿನ್ ನನ್ನನ್ನು ಕಂಡು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆಲ್ಡಾ ಪಟ್ಟಿಯಲ್ಲಿ ಎಲ್ಲಿದ್ದೆವೆಂದು ಕೇಳಿದಳು. ರಕ್ತದೊತ್ತಡದ ಪಟ್ಟಿ, ದೊಡ್ಡ ಅಳತೆ, ಒಂದು ಎಂದೆ. ಅವಳು ಅದನ್ನು ಸುರುಳಿ ಸುತ್ತಿ ಒಳಗಿಟ್ಟಳು. ಸಹಿ ಹಾಕುವಾಗ ಅಕ್ಷರ ಗೆರೆಯಿಂದ ಕೆಳಗಿಳಿಯಿತು. ಶಾಲೆಯಲ್ಲಾಗಿದ್ದರೆ ನಾನು ಮತ್ತೆ ಬರೆಯಿಸುತ್ತಿದ್ದೆ.

ನೆಲ್ಡಾ ಹಕಬಿಯನ್ನು ೨೦೨೨ ನವೆಂಬರ್ ಹದಿನಾಲ್ಕು, ಸೋಮವಾರದಿಂದ ಕೆಲಸದಿಂದ ತೆಗೆದುಹಾಕಲಾಯಿತು. ಸೇವೆ ಇಪ್ಪತ್ತಾರು ವರ್ಷ ಮೂರು ತಿಂಗಳು. ಮುಖ್ಯ ಕಚೇರಿಯಿಂದ ಅಚ್ಚಾಗಿ ಬಂದ ನಡಾವಳಿಯಲ್ಲಿ ನಾನು ಹೇಳಿದ ಮೂರು ಸಂಗತಿಗಳು ಇರಲಿಲ್ಲ. ಕೈಬರಹದ ಪ್ರತಿ ನನ್ನಲ್ಲಿದೆ. ಡಿಸೆಂಬರ್ ಮೂವತ್ತರಂದು ನಾನೂ ಆ ಕೆಲಸ ಬಿಟ್ಟೆ. ಲಿಖಿತ ಎಚ್ಚರಿಕೆಯನ್ನು ಕಡೆಗಣಿಸಿದ್ದಾಳೆಂಬ ದೂರು ನರ್ಸುಗಳ ಪರವಾನಗಿ ನೀಡುವವರಿಗೂ ಹೋಯಿತು. ೨೦೨೩ರ ಜೂನ್ ಹದಿನಾಲ್ಕು, ಬುಧವಾರ, ಅವಳ ಪರವಾನಗಿಯ ಮೇಲೆ ಎರಡು ವರ್ಷದ ನಿಗಾ ಬಿತ್ತು. ಆ ಅವಧಿಯಲ್ಲಿ ಅವಳು ಮೇಲ್ವಿಚಾರಕರಿಲ್ಲದ ಕಡೆ, ಎಂದರೆ ರೋಗಿಗಳ ಮನೆಯಲ್ಲಿ, ಕೆಲಸ ಮಾಡುವಂತಿಲ್ಲ. ಅವಳು ಪಕ್ಕದ ಜಿಲ್ಲೆಯ ಒಂದು ವೃದ್ಧಾಶ್ರಮದಲ್ಲಿ ಮಾತ್ರೆ ಹಂಚುವ ಕೆಲಸಕ್ಕೆ ಸೇರಿದಳು. ಪಿಸ್ತೂಲನ್ನು ಮಾರಿದಳು. ಕೋರಿನ್‌ಳೊಡನೆ ಮತ್ತೆ ಮಾತನಾಡಲಿಲ್ಲ, ಇಬ್ಬರೂ ಹೋಗುತ್ತಿದ್ದ ಚರ್ಚನ್ನೂ ಬದಲಿಸಿದಳು.

ಕೋರಿನ್ ಬ್ಲೆಡ್ಸೋ ೨೦೨೩ರ ಏಪ್ರಿಲ್ ಮೂರರಂದು ನಾಲ್ಕು ಶಾಖೆಗಳ ಮೇಲ್ವಿಚಾರಕಿಯಾದಳು. ಟರ್ಕಿಪೆನ್ ಕಣಿವೆಯ ಐದು ಮನೆಗಳಿಗೆ ಹೋಗಲು ಉಳಿದ ಯಾವ ನರ್ಸೂ ಒಪ್ಪಲಿಲ್ಲ. ೨೦೨೨ರ ಡಿಸೆಂಬರ್ ಒಂದರಿಂದ ಅಲ್ಲಿನ ಭೇಟಿಗಳು ನಿಂತಿವೆ. ಹಾರ್ಲನ್ ಟ್ಯಾಕೆಟ್‌ನ ಮನೆಗೆ ವಾರಕ್ಕೆ ಎರಡು ಬಾರಿಯ ಬದಲು ಎರಡು ವಾರಕ್ಕೊಮ್ಮೆ ಬೇರೊಬ್ಬಳು ಹೋಗುತ್ತಿದ್ದಳು. ಅವನು ೨೦೨೩ರ ಜನವರಿ ಇಪ್ಪತ್ತೇಳು, ಶುಕ್ರವಾರ, ಬೆಳಿಗ್ಗೆ ತೀರಿಕೊಂಡ.